ಸುಲ್ಗುನಿ ಎಂಬ ಉಪ್ಪು ಗಿಣ್ಣು

ವೀಸಾಕ್ಕೆ ಫೋಟೋ ತೆಗೆಸುವಾಗ ನಮ್ಮ ಅತ್ತೆಮ್ಮ ಹಲ್ಲುಸೆಟ್ಟು ಹಾಕಿಕೊಳ್ಳಲು ಒಪ್ಪಲಿಲ್ಲ. ಹುಣಸೂರಿನ ಸ್ಟುಡಿಯೋದವರು ಎರಡು ಸಲ ಕೇಳಿ ನೋಡಿದರು. "ಇರೋ ಮುಖ ತಗಿ ಕಣಪ್ಪ. ಇಲ್ಲದ್ದನ್ನ ಯಾಕ್ ತೋರಿಸ್ಲಿ?" ಅಂದರು ಅತ್ತೆಮ್ಮ. ಹಾಗೆಯೇ ಬೊಚ್ಚುಬಾಯಿಯಲ್ಲಿ ಜಾರ್ಜಿಯಾ ದೇಶಕ್ಕೆ ಹೊರಟರು.

ಅವರ ಹೆಸರು ಚಿಕ್ಕತಾಯಮ್ಮ. ವಯಸ್ಸು ಎಪ್ಪತ್ತೆರಡೋ ಎಪ್ಪತ್ತನಾಲ್ಕೋ, ಆಧಾರ್ ಕಾರ್ಡಿನಲ್ಲಿ ಒಂದಿದೆ, ಅವರು ಹೇಳುವುದು ಇನ್ನೊಂದು. ನಮ್ಮದು ಬೆಟ್ಟದಪುರದ ಹತ್ತಿರದ ಊರು. ಹೊಗೆಸೊಪ್ಪು, ರಾಗಿ, ಎರಡು ಹಸು. ಮದುವೆಯಾಗಿ ಬಂದಾಗಿನಿಂದ ಹಸು ಕಟ್ಟಿದ ಹೆಂಗಸು, ಆದರೆ ಹಾಲು ಕುಡಿದರೆ ಅವರಿಗೆ ಹೊಟ್ಟೆ ಉಬ್ಬರ. ಆರು ವರ್ಷದ ಕೆಳಗೆ ಮಾವ ತೀರಿಕೊಂಡರು. ಹನ್ನೊಂದನೇ ದಿನದ ಎಡೆಗೆ ಎಲ್ಲವನ್ನೂ ಅಡುಗೆ ಮಾಡಿ ಬಡಿಸಿ, "ಇನ್ ನಂಗೆ ಬಾಡು ಮೊಟ್ಟೆ ಬ್ಯಾಡ" ಅಂದುಬಿಟ್ಟರು. ಯಾರೂ ಯಾಕೆ ಅಂತ ಕೇಳಲಿಲ್ಲ. ಹೋದ ವರ್ಷ ಉಳಿದ ಹಲ್ಲುಗಳನ್ನೂ ಕೀಳಿಸಿ ಸೆಟ್ಟು ಕಟ್ಟಿಸಿದೆವು. ಅದು ವಸಡಿಗೆ ಒತ್ತಿ ಹುಣ್ಣಾಗಿ, ಊಟವೆಂದರೆ ಗಂಜಿ, ಕಾಫಿಯಲ್ಲಿ ಅದ್ದಿದ ಬನ್ನು, ಅಷ್ಟಕ್ಕೆ ಬಂದು ನಿಂತಿತು. ಬಳೆಗಳು ಮೊಣಕೈವರೆಗೂ ಜಾರತೊಡಗಿದವು. ಹುಣಸೂರಿನ ಡಾಕ್ಟರು, "ಹೇಗಾದರೂ ಪ್ರೋಟೀನು ಒಳಗೆ ಹೋಗಬೇಕಮ್ಮ, ಕ್ಯಾಲ್ಸಿಯಂ ಹೋಗಬೇಕು. ಇಲ್ಲದಿದ್ದರೆ ಬಿದ್ದರೆ ಏಳಲ್ಲ" ಅಂದರು. ಆ ಮಾತು ನನಗೆ ಚುಚ್ಚಿತು. ನಾನು ಅಂಗನವಾಡಿ ಕಾರ್ಯಕರ್ತೆ. ತಿಂಗಳು ತಿಂಗಳೂ ಊರಿನ ಮಕ್ಕಳನ್ನು ತೂಕ ಹಾಕಿ, ತಾಯಂದಿರನ್ನು ಕೂರಿಸಿಕೊಂಡು ಪೌಷ್ಟಿಕ ಆಹಾರದ ಬಗ್ಗೆ ಹೇಳುವವಳು. ನನ್ನ ಮನೆಯಲ್ಲೇ ಒಬ್ಬರು ಕರಗಿ ಹೋಗುತ್ತಿದ್ದರು.

ಮಗಳು ಮೇಘನಾ ಜಾರ್ಜಿಯಾದ ಕುತೈಸಿ ಎಂಬ ಊರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ನಾಲ್ಕನೇ ವರ್ಷ. "ಅಮ್ಮ, ಮೇ ತಿಂಗಳು ನಿನಗೂ ರಜ. ಅಜ್ಜೀನೂ ಕರ್ಕೊಂಡು ಬಾ. ಜಾಗ ಬದಲಾದರೆ ಊಟ ಸೇರಬಹುದು" ಅಂದಳು. ನನ್ನ ಯಜಮಾನರಿಗೆ ಹೊಗೆಸೊಪ್ಪಿನ ಸಸಿ ನಾಟಿಯ ಕಾಲ, ಅವರು ಬರುವಂತಿರಲಿಲ್ಲ. "ನೀವಿಬ್ರೂ ಹೋಗ್ಬನ್ನಿ" ಅಂದರು. ಅತ್ತೆಮ್ಮ ಒಂದೇ ಒಂದು ಪ್ರಶ್ನೆ ಕೇಳಿದರು: "ಅಲ್ಲಿ ದನ ಅವ್ವಾ?"

ಕುತೈಸಿ

ದನಗಳಿದ್ದವು. ತಿಬಿಲಿಸಿಯಲ್ಲಿ ವಿಮಾನ ಇಳಿದು ಕುತೈಸಿಗೆ ಬರುವ ವ್ಯಾನು ಹೆದ್ದಾರಿಯಲ್ಲಿ ಗಕ್ಕನೆ ನಿಂತಿತು. ಮುಂದೆ ನಾಲ್ಕು ಹಸುಗಳು ರಸ್ತೆಗೆ ಅಡ್ಡ ನಿಂತು ಮೆಲುಕು ಹಾಕುತ್ತಿದ್ದವು. ಡ್ರೈವರು ಹಾರನ್ ಮಾಡಲಿಲ್ಲ, ಬೈಯಲೂ ಇಲ್ಲ. ಸಿಗರೇಟು ಹಚ್ಚಿಕೊಂಡು ಕಾದರು. ಅಲ್ಲಿಯವರೆಗೂ ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆಯುತ್ತಿದ್ದ ಅತ್ತೆಮ್ಮ ಕಿಟಕಿಗೆ ಮುಖ ಒತ್ತಿ, "ಏ ಸುಜಾತ, ಥೇಟ್ ನಮ್ ಬಿಳಿಕೆರೆ ರೋಡು ಕಣವ್ವ!" ಅಂತ ಕೂಗಿದರು. ಹೆದರಿಕೆ ಅರ್ಧ ಅಲ್ಲೇ ಇಳಿಯಿತು.

ವಿಮಾನ ನಿಲ್ದಾಣದಲ್ಲಿ ನಮ್ಮ ರಾಗಿಹಿಟ್ಟು ಸಿಕ್ಕಿಬಿದ್ದಿತ್ತು. ಬೂದು ಬಣ್ಣದ ಪುಡಿಯ ಮೂರು ಪೊಟ್ಟಣ ನೋಡಿ ಅಧಿಕಾರಿಗೆ ಅನುಮಾನ. ನಾನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ, ಆಕೆಗೆ ಅರ್ಥವಾಗಲಿಲ್ಲ. ಅತ್ತೆಮ್ಮ ಮುಂದೆ ಬಂದು ಒಂದು ಪೊಟ್ಟಣದ ಬಾಯಿ ಬಿಚ್ಚಿ, ಚಿಟಿಕೆ ಹಿಟ್ಟು ತಮ್ಮ ನಾಲಿಗೆಗೆ ಹಾಕಿಕೊಂಡರು. ಎರಡೂ ಕೈಯಲ್ಲಿ ಮುದ್ದೆ ಕಟ್ಟುವ ಹಾಗೆ ಮಾಡಿ, ಬಾಯಿಗಿಟ್ಟು ನುಂಗಿ, ಹೊಟ್ಟೆ ತಟ್ಟಿ ತೋರಿಸಿದರು. ಆಕೆ ನಕ್ಕು ಮುದ್ರೆ ಒತ್ತಿಬಿಟ್ಟಳು.

ಕುತೈಸಿಯಲ್ಲಿ ಮೇಘನಾ ಬಾಡಿಗೆಗೆ ಇರುವುದು ಮಾಕಾ ಎಂಬ ಹೆಂಗಸಿನ ಮನೆಯಲ್ಲಿ. ಮೊದಲ ಬೆಳಿಗ್ಗೆ ಮಾಕಾ ಬಾಗಿಲು ಬಡಿದು, "ಪೂರಿ? ಪೂರಿ?" ಅಂದರು. ಅತ್ತೆಮ್ಮನ ಕಣ್ಣು ಅರಳಿತು. ಸಾಗು ಮಾಡಿರ್ತಾರಾ ಅಂತಲೂ ಕೇಳಿದರು. ಬಂದದ್ದು ಮೊಳದುದ್ದದ ಗಟ್ಟಿ ಬ್ರೆಡ್ಡು. ಅವರ ಭಾಷೆಯಲ್ಲಿ ಪೂರಿ ಅಂದರೆ ಬ್ರೆಡ್ಡಂತೆ. ಅಪ್ಪನನ್ನು 'ಮಾಮಾ' ಅನ್ನುತ್ತಾರೆ ಅಂತ ಗೊತ್ತಾದಾಗಲಂತೂ ಅತ್ತೆಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಆದರೆ ಊಟ ಸೇರಲಿಲ್ಲ. ಮೂರು ದಿನ ಕಳೆದರೂ ಟೀಯಲ್ಲಿ ಅದ್ದಿದ ಬ್ರೆಡ್ಡೇ ಗತಿ. ನಾನು ಮಾಡಿಕೊಟ್ಟ ರಾಗಿ ಅಂಬಲಿಯನ್ನೂ ಎರಡು ಗುಟುಕಿಗೆ ಬದಿಗಿಟ್ಟರು. ಮಾಕಾ ಇದನ್ನೆಲ್ಲ ನೋಡುತ್ತಿದ್ದರು. "ನಿಮ್ಮನ್ನು ನಮ್ಮ ಅಮ್ಮನ ಹತ್ತಿರ ಬಿಡುತ್ತೇನೆ. ಅವರಿಗೆ ಹಸುಗಳಿವೆ. ಅವರ ಮನೆಯಲ್ಲಿ ಉಪವಾಸ ಯಾರಿಂದಲೂ ಆಗುವುದಿಲ್ಲ" ಅಂತ ಮೇಘನಾಳ ಮೂಲಕ ಹೇಳಿ, ತಮ್ಮ ಕಾರಿನಲ್ಲಿ ಹತ್ತಿಸಿಕೊಂಡೇ ಹೊರಟರು.

ಎತೆರಿಯವರ ಮನೆ

ಮಾರ್ತ್ವಿಲಿ ಎಂಬ ಸಣ್ಣ ಪೇಟೆ ದಾಟಿ ಒಂದು ಹಳ್ಳಿ. ಸೀಮೆಯ ಹೆಸರು ಸಮೆಗ್ರೆಲೋ. ಮನೆಯ ಮುಂದೆ ಹುಲ್ಲಿನ ಅಂಗಳ, ಹಿಂದೆ ಜೋಳದ ಹೊಲ, ಬೇಲಿಯುದ್ದಕ್ಕೂ ಹೇಜಲ್ ಕಾಯಿಯ ಗಿಡಗಳು. ಮುಸುಕಿನ ಜೋಳ ಮೊಣಕಾಲೆತ್ತರ ಬಂದಿತ್ತು. ನಮ್ಮ ಪಿರಿಯಾಪಟ್ಟಣದ ಕಡೆ ಮುಂಗಾರು ಬಿದ್ದ ಮೇಲಿನ ಹಸಿರು ಹೇಗಿರುತ್ತದೋ ಹಾಗೆ, ಕಣ್ಣು ತಂಪಾಯಿತು.

ಎತೆರಿ ಎಂದರೆ ಮಾಕಾ ಅವರ ತಾಯಿ. ಅತ್ತೆಮ್ಮನ ಓರಗೆ. ಕಪ್ಪು ಗೌನು, ಕಪ್ಪು ತಲೆವಸ್ತ್ರ. ಗಂಡ ತೀರಿಕೊಂಡಮೇಲೆ ಅಲ್ಲಿನ ಹೆಂಗಸರು ಕಪ್ಪು ಉಡುತ್ತಾರಂತೆ. ಅವರು ಅತ್ತೆಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟು, ಮುಂಗೈ ಹಿಡಿದು ನೋಡಿ, ಮಗಳಿಗೆ ಏನೋ ಜೋರಾಗಿ ಹೇಳಿದರು. "ಇವರನ್ನು ಇಷ್ಟು ಒಣಗಲು ಯಾಕೆ ಬಿಟ್ಟಿರಿ ಅಂತ ಬೈತಿದ್ದಾರೆ" ಅಂದಳು ಮೇಘನಾ. ಯಾರನ್ನು ಅಂತ ಕೇಳಲಿಲ್ಲ ನಾನು. ನನ್ನನ್ನೇ ಅಂದುಕೊಂಡೆ. ಮಾಕಾ ಕಾರು ತಿರುಗಿಸಿಕೊಂಡು ಹೋದರು. ನಾವು ಮೂವರು ಉಳಿದೆವು.

ಅಡುಗೆಮನೆ ಅಂಗಳದಲ್ಲೇ ಬೇರೆ. ಒಲೆಯ ಮೇಲೆ ಕಬ್ಬಿಣದ ಪಾತ್ರೆ. ಎತೆರಿ ಜೋಳದ ನುಚ್ಚು ಬೇಯಿಸಿ, ಅಗಲ ಬಾಯಿಯ ಮರದ ಹುಟ್ಟಿನಿಂದ ತಿರುವುತ್ತಿದ್ದರು. ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವುವುದನ್ನು ನೋಡುತ್ತ ಅತ್ತೆಮ್ಮ ನಿಂತಲ್ಲೇ ನಿಂತರು.

"ಗಂಟಾಯ್ತದೆ, ಇನ್ನೊಸಿ ಒತ್ತಿ ತಿರುವು ಅಂತ ಯೋಳವ್ವ ಆಯಮ್ಮಂಗೆ."

ಮೇಘನಾ ಹೇಳಿದಳು. ಎತೆರಿ ಹುಟ್ಟನ್ನು ಅತ್ತೆಮ್ಮನ ಕೈಗೇ ಕೊಟ್ಟರು!

ಅದರ ಹೆಸರು ಘೋಮಿ. ನಮ್ಮ ಮುದ್ದೆಯ ದೊಡ್ಡಮ್ಮನ ಮಗಳು ಅನ್ನಬಹುದು, ಬಣ್ಣ ಬಿಳಿ, ಕಟ್ಟುವುದಿಲ್ಲ, ತಟ್ಟೆಗೆ ಸುರಿದು ಬಿಡುತ್ತಾರೆ. ಆಮೇಲೆ ಎತೆರಿ ಉಪ್ಪುನೀರಿನ ಬಾನಿಯಿಂದ ಒಂದು ಬಿಳಿ ಬಿಲ್ಲೆ ತೆಗೆದರು. ನಮ್ಮ ಅಕ್ಕಿರೊಟ್ಟಿಯಷ್ಟು ಅಗಲ, ಎರಡು ಬೆರಳು ದಪ್ಪ. ಒತ್ತಿದರೆ ಒಳಗೆ ಹೋಗಿ ಮತ್ತೆ ಉಬ್ಬುತ್ತದೆ. ಬೆಣ್ಣೆಯ ಹಾಗೆ ಮೆತ್ತಗೂ ಅಲ್ಲ, ಕೊಬ್ಬರಿಯ ಹಾಗೆ ಗಟ್ಟಿಯೂ ಅಲ್ಲ. ಅದೇ ಸುಲ್ಗುನಿ, ಆ ಸೀಮೆಯ ಚೀಸು. ದಪ್ಪ ಹೋಳು ಮಾಡಿ ಹೊಗೆಯಾಡುವ ಘೋಮಿಯೊಳಗೆ ಹೂತಿಟ್ಟರು. ಎರಡು ನಿಮಿಷಕ್ಕೆ ಹೋಳು ಕರಗಿ, ಎತ್ತಿದರೆ ಎಳೆ ಎಳೆಯಾಗಿ ಬಂತು.

"ಚಾಮೆ, ಚಾಮೆ" ಅಂದರು ಎತೆರಿ.

"ಯಾವ ಚಾಮಿ?" ಅತ್ತೆಮ್ಮ ಸುತ್ತ ನೋಡಿದರು. ಯಾವುದೋ ದೇವರಿಗೆ ಕೈ ಮುಗಿಯಬೇಕೇನೋ ಅಂತ ಮುಗಿದೂ ಬಿಟ್ಟರು.

"ಅಜ್ಜಿ, ಚಾಮೆ ಅಂದ್ರೆ ತಿನ್ನಿ ಅಂತ!"

ಅತ್ತೆಮ್ಮ ಒಂದು ತುತ್ತು ಬಾಯಿಗಿಟ್ಟರು. ಅಗಿಯುವ ಕೆಲಸವೇ ಇಲ್ಲ, ನಾಲಿಗೆಯಿಂದ ಮೇಲಕ್ಕೊತ್ತಿದರೆ ಸಾಕು. ನುಂಗಿ, "ಗಿಣ್ಣು ಇದ್ದಂಗೈತೆ ಕಣೆ. ಉಪ್ಪು ಹಾಕಿದ್ ಗಿಣ್ಣು" ಅಂದರು. ತಟ್ಟೆ ಖಾಲಿಯಾಯಿತು. ಎತೆರಿ ಕೇಳದೆಯೇ ಮತ್ತೆ ಬಡಿಸಿದರು. ಅದೂ ಖಾಲಿಯಾಯಿತು. ನಾನು ನನ್ನ ತಟ್ಟೆ ಮರೆತು ಅವರ ತಟ್ಟೆಯನ್ನೇ ನೋಡುತ್ತ ಕೂತಿದ್ದೆ. ಎಂಟು ತಿಂಗಳಾಗಿತ್ತು ಅವರು ಹಾಗೆ ಉಂಡು.

ಹೊಟ್ಟೆ ಉಬ್ಬಬಹುದು ಅಂತ ಸಂಜೆವರೆಗೂ ಕಾದೆ. ಏನೂ ಆಗಲಿಲ್ಲ. ಮೇಘನಾ ಬಿಡಿಸಿ ಹೇಳಿದಳು: ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇರುತ್ತದೆ, ಅದು ಜೀರ್ಣವಾಗದವರಿಗೆ ಉಬ್ಬರ ಬರುತ್ತದೆ. ಚೀಸು ಮಾಡುವಾಗ ಒಡೆದ ನೀರಿನ ಜೊತೆ ಆ ಸಕ್ಕರೆ ಹೆಚ್ಚು ಪಾಲು ಹೊರಟು ಹೋಗುತ್ತದೆ, ಉಳಿದದ್ದರಲ್ಲೂ ಹುಳಿ ಬರುವಾಗ ಇನ್ನಷ್ಟು ಕಡಿಮೆಯಾಗುತ್ತದೆ. ಪ್ರೋಟೀನು, ಕ್ಯಾಲ್ಸಿಯಂ, ಜಿಡ್ಡು ಗಟ್ಟಿಯಲ್ಲೇ ನಿಲ್ಲುತ್ತವೆ. ಅಂಗೈಯಷ್ಟು ಹೋಳಿನಲ್ಲಿ ದೊಡ್ಡ ಲೋಟ ಹಾಲಿನ ಸತ್ವ! ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ಹೊಳೆದಿರಲಿಲ್ಲ. ಒಂದೇ ಚಿಂತೆ, ಉಪ್ಪು. ಅತ್ತೆಮ್ಮನಿಗೆ ಬಿ.ಪಿ. ಇದೆ. ಅದನ್ನು ಕೇಳಿ ಎತೆರಿ ನಕ್ಕು, ಹೋಳುಗಳನ್ನು ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಹಾಕಿ ತೋರಿಸಿದರು. ಬೆಳಿಗ್ಗೆಗೆ ಉಪ್ಪು ಅರ್ಧಕ್ಕರ್ಧ ಇಳಿದಿತ್ತು.

ಮುಂದಿನ ದಿನಗಳಲ್ಲಿ ಆ ಬಿಲ್ಲೆಯ ಅವತಾರಗಳನ್ನೆಲ್ಲ ಕಂಡೆವು. ಮೈದಾ ಹಿಟ್ಟಿನೊಳಗೆ ಹೂರಣದ ಹಾಗೆ ತುಂಬಿ, ಮೇಲೂ ಉದುರಿಸಿ ಕಾವಲಿಯಲ್ಲಿ ಬೇಯಿಸಿದ ಖಚಾಪುರಿ. ನುಚ್ಚು ಬೇಯುವಾಗಲೇ ಚೀಸು ಹಾಕಿ, ಮೊಳದುದ್ದ ಎಳೆ ಬರುವವರೆಗೂ ತಿರುವಿದ ಎಲಾರ್ಜಿ. ಚೀಸನ್ನೇ ತೆಳ್ಳಗೆ ಲಟ್ಟಿಸಿ ಪುದೀನ ಸುತ್ತಿದ ಸುರುಳಿ. ಜೊತೆಗೆ ನೆಂಚಿಕೊಳ್ಳಲು ಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಅರೆದ ಅಜಿಕಾ ಎಂಬ ಖಾರ. ನಮ್ಮವರೇ ಅರೆದ ಹಾಗಿತ್ತು. ಎರಡನೇ ದಿನ ಅತ್ತೆಮ್ಮ ರಾಗಿಹಿಟ್ಟು ತೆಗೆದು, ಎತೆರಿಯವರ ಪಾತ್ರೆಯಲ್ಲಿ ಮುದ್ದೆ ಕಟ್ಟಿದರು. ಎತೆರಿ ಕರಿಮುದ್ದೆಯನ್ನು ಸುತ್ತ ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಗುಳಿ ಮಾಡಿ, ಒಳಗೊಂದು ಹೋಳು ಚೀಸು ಇಟ್ಟು ಮುಚ್ಚಿದರು. ಆ ಮುದ್ದೆಯನ್ನು ಅಜಿಕಾ ನೆಂಚಿಕೊಂಡು ತಿಂದ ರುಚಿ ನನಗಿನ್ನೂ ಮರೆತಿಲ್ಲ.

ಇಬ್ಬರು ಮುದುಕಿಯರಿಗೆ ಭಾಷೆಯೇ ಬೇಕಾಗಲಿಲ್ಲ. ಕರು ಬಿಟ್ಟು ಸೊರೆಸಿ ಆಮೇಲೆ ಕರೆಯುವುದು ಅಲ್ಲೂ ಹಾಗೆಯೇ. ಅತ್ತೆಮ್ಮ ಕೆಂಪು ಹಸುವಿನ ಗಂಗೆದೊಗಲು ನೇವರಿಸಿ ಕರೆಯಲು ಕೂತರೆ, ಎತೆರಿ ಬಾಲ ಹಿಡಿದುಕೊಂಡು ನಿಲ್ಲುತ್ತಿದ್ದರು. ಇವರು ಕನ್ನಡದಲ್ಲಿ ಹೇಳುವುದು, ಅವರು ತಮ್ಮ ಭಾಷೆಯಲ್ಲಿ ಉತ್ತರಿಸುವುದು, ಇಬ್ಬರೂ ನಗುವುದು.

ನಾಲ್ಕನೆಯ ದಿನ: ಜಾಡಿ

ಬೆಳಿಗ್ಗೆ ಒಲೆಯ ಪಕ್ಕದ ಗೂಡಿನಲ್ಲಿ ಒಂದು ಗಾಜಿನ ಜಾಡಿ ಕಂಡಿತು. ಮಬ್ಬು ನೀರಿನೊಳಗೆ ಮಡಿಸಿದ ಬಿಳಿಚಿದ ಏನೋ ಒಂದು. ಉಪ್ಪಿನಕಾಯಿ ಇರಬೇಕು ಅಂದುಕೊಂಡು ಮುಚ್ಚಳ ತೆಗೆದು ಬೆರಳು ಅದ್ದಲು ಹೋದೆ. ಮೇಘನಾ ಓಡಿ ಬಂದು ಕೈ ಹಿಡಿದಳು.

"ಅದು ಹೆಪ್ಪು ಅಮ್ಮ. ಹಾಲು ಒಡೆಯೋಕೆ ಹಾಕೋದು."

"ಒಳಗಿರೋದು ಏನೇ?"

ಅವಳು ತಡವರಿಸಿದಳು. "ಕರುವಿನ ಹೊಟ್ಟೆ. ಹಾಲು ಕುಡಿಯೋ ಕರು ಕೊಯ್ದಾಗ ಅದರ ಹೊಟ್ಟೆ ಚೀಲ ಒಣಗಿಸಿ, ಹೀಗೆ ನೀರಲ್ಲಿ ನೆನೆಸಿ ಇಟ್ಕೋತಾರೆ. ಹಿಂದಿನಿಂದಲೂ ಹೀಗೇ."

ನನ್ನ ಕೈಯಲ್ಲಿದ್ದ ಮುಚ್ಚಳ ಹಾಗೇ ಉಳಿಯಿತು. ಹೊರಗೆ ಅಂಗಳದಲ್ಲಿ ಅತ್ತೆಮ್ಮ ಎತೆರಿಯವರ ಜೊತೆ ಕೂತು, ಬಟ್ಟಲಲ್ಲಿದ್ದ ಸುಲ್ಗುನಿಯನ್ನು ಬೆರಳಲ್ಲಿ ಎಳೆ ಬಿಡಿಸಿ ತಿನ್ನುತ್ತಿದ್ದರು. ಆರು ವರ್ಷದಿಂದ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹೆಂಗಸು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು." ಮಗಳ ಕಣ್ಣು ತುಂಬಿತು. "ಅಜ್ಜಿಗೆ ಹೇಳ್ಬೇಡಮ್ಮ. ನಾಲ್ಕೇ ದಿನಕ್ಕೆ ಮುಖ ಹೇಗಾಗಿದೆ ನೋಡು. ಒಂದು ಬಾನಿ ಹಾಲಿಗೆ ಒಂದು ಚಮಚ ಆ ನೀರು. ಅಷ್ಟಕ್ಕೆ ಮತ್ತೆ ಗಂಜಿಗೆ ಹೋಗ್ಬೇಕಾ? ನಾನು ಡಾಕ್ಟರ್ ಆಗೋಳು, ನಂಗೆ ಅವರ ಮೂಳೆ ಮುಖ್ಯ."

ಅವಳು ಹೇಳಿದ್ದು ಸುಳ್ಳಲ್ಲ. ಸಂಜೆವರೆಗೂ ಕೆಲಸ ಹುಡುಕಿಕೊಂಡು ಮಾಡಿದೆ. ಅಕ್ಕಿ ಆರಿಸಿದೆ, ಬಟ್ಟೆ ಒಗೆದೆ, ಒಗೆದದ್ದನ್ನೇ ಮತ್ತೆ ಹಿಂಡಿದೆ. ಹೇಳಿದರೆ ಇವರು ಉಣ್ಣುವುದು ನಿಲ್ಲುತ್ತದೆ. ಹೇಳದಿದ್ದರೆ, ಅವರು ತಮಗೆ ತಾವೇ ಹಾಕಿಕೊಂಡ ಕಟ್ಟನ್ನು ಅವರಿಗೆ ಗೊತ್ತಿಲ್ಲದಂತೆ ಮುರಿಯುತ್ತಿರುವವಳು ನಾನು. ಅಷ್ಟು ದಿನ ತಿಂದದ್ದು ಗೊತ್ತಿಲ್ಲದೆ. ಇನ್ನು ಮುಂದೆ ಪ್ರತಿ ತುತ್ತೂ ನನ್ನ ಕೈಯದು. ಸಂಜೆ ಟೀ ಹೊತ್ತಿಗೆ ಅವರ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ.

ಅತ್ತೆಮ್ಮ ಬೈಯಲಿಲ್ಲ. ಎದ್ದು ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು. ಬಹಳ ಹೊತ್ತು ಮುಕ್ಕಳಿಸಿದರು. ಬಂದು ಹೇಜಲ್ ಗಿಡದ ಬುಡದಲ್ಲಿ ಕೂತು, "ಆ ತಾಯಿಗ್ ಗೊತ್ತಾ, ನಾನ್ ಬಾಡು ಬುಟ್ಟಿವ್ನಿ ಅಂತ?" ಅಂದರು.

"ಇಲ್ಲ ಅತ್ತೆಮ್ಮ."

"ಅಂಗಾರೆ ಆಯಮ್ಮಂದೇನ್ ತಪ್ಪಿಲ್ಲ ಬುಡು."

ಆ ರಾತ್ರಿಯೂಟಕ್ಕೆ ಎತೆರಿ ಎಲಾರ್ಜಿ ಮಾಡಿದ್ದರು. ಅತ್ತೆಮ್ಮ ಬ್ರೆಡ್ಡನ್ನು ಟೀಯಲ್ಲಿ ಅದ್ದಿಕೊಂಡು ತಿಂದರು. ಎತೆರಿ ತಮ್ಮ ಅಡುಗೆ ಮೂಸಿ ನೋಡಿದರು, ರುಚಿ ನೋಡಿದರು, ಉಪ್ಪು ಹೆಚ್ಚಾಯಿತೇ ಅಂತ ಕೇಳಿದರು. ಕೊನೆಗೆ ಮೇಘನಾ ಹೇಳಲೇಬೇಕಾಯಿತು. ಎತೆರಿ ಕೇಳಿಸಿಕೊಂಡು, ಅತ್ತೆಮ್ಮನ ಮುಖವನ್ನೇ ನೋಡಿದರು. ಆಮೇಲೆ ಎದ್ದು ತಟ್ಟೆಗಳನ್ನು ತೆಗೆದರು. ಕೋಪ ಬಂದಿರಬೇಕು ಅಂದುಕೊಂಡೆವು. ಬೆಳಿಗ್ಗೆಯೇ ಕುತೈಸಿಗೆ ಹೊರಟುಬಿಡೋಣ ಅಂತ ನಾನು ಬಟ್ಟೆ ಮಡಿಸಿಟ್ಟೆ.

ಐದನೆಯ ದಿನ

ಬೆಳಿಗ್ಗೆ ಎತೆರಿ ಮನೆಯಲ್ಲೇ ಇರಲಿಲ್ಲ. ಹಾಲು ಕರೆಯುವವರಿಲ್ಲದೆ ಹಸು ಕೂಗುತ್ತಿತ್ತು. ಅತ್ತೆಮ್ಮ ತಾವೇ ಬಾನಿ ಹಿಡಿದು ಕರೆದರು. "ಮನೆಯವ್ರಿಲ್ದೇ ಇರೋವಾಗ ಹಸೂನ ಕೊರಗುಸ್ಬಾರ್ದು" ಅಂದರು.

ಹತ್ತು ಗಂಟೆಯ ಮೇಲೆ ಎತೆರಿ ಮಳೆಯಲ್ಲಿ ನೆನೆದುಕೊಂಡು ಬಂದರು. ಮೊದಲ ವ್ಯಾನು ಹತ್ತಿ ಮಾರ್ತ್ವಿಲಿ ಪೇಟೆಗೆ ಹೋಗಿದ್ದರಂತೆ. ಮೂರು ಅಂಗಡಿ ತಿರುಗಿದ್ದರಂತೆ. ಗೌನಿನ ಜೇಬಿನಿಂದ ಬೆರಳಗಲದ ಒಂದು ಪೊಟ್ಟಣ ತೆಗೆದು ಮೇಘನಾಳ ಕೈಗಿಟ್ಟು, "ಓದು, ಜೋರಾಗಿ ಓದು" ಅಂದರು. ಬೂಷ್ಟಿನಿಂದ ತಯಾರಿಸಿದ ಹೆಪ್ಪಿನ ಪುಡಿ. ಯಾವ ಪ್ರಾಣಿಯ ಅಂಶವೂ ಇಲ್ಲ. ಊರಿನ ಎಷ್ಟೋ ಮನೆಗಳಲ್ಲಿ ಈಗ ಇದನ್ನೇ ಬಳಸುತ್ತಾರಂತೆ. ಎತೆರಿಗೆ ಮಾತ್ರ ಅದರ ಮೇಲೆ ನಂಬಿಕೆಯಿಲ್ಲ, ಜೀವನದಲ್ಲೇ ಮೊದಲ ಸಲ ಕೊಂಡದ್ದು.

"ನನ್ನ ಮನೆಗೆ ಬಂದವರು ಬರೀ ಬ್ರೆಡ್ಡು ತಿಂದು ಎದ್ದರು. ನನಗೆ ನಿದ್ದೆ ಬರಲಿಲ್ಲ" ಅಂದರಂತೆ. ಅತ್ತೆಮ್ಮನಿಗೆ ಇದನ್ನು ಹೇಳಿದಾಗ, ಅವರು ಎದ್ದು ತಮ್ಮ ಸೆರಗಿನಿಂದ ಎತೆರಿಯವರ ತಲೆ ಒರೆಸಿದರು.

ಬಾನಿ, ಹುಟ್ಟು, ಬಟ್ಟೆ ಎಲ್ಲವನ್ನೂ ಎತೆರಿ ಕುದಿಯುವ ನೀರಿನಲ್ಲಿ ತೊಳೆದರು. ಅತ್ತೆಮ್ಮ ಕರೆದ ಹಾಲನ್ನು ಬೆಚ್ಚಗೆ ಮಾಡಿ ಪುಡಿ ಕದಡಿದರು. ಮುಕ್ಕಾಲು ಗಂಟೆಗೆ ಹಾಲು ಹೆಪ್ಪಾಗಿ ನಡುಗಿತು. ಕೈಯಿಂದ ಮೆಲ್ಲಗೆ ಮುರಿದು, ನೀರು ಬಸಿದು, ಗಟ್ಟಿಯನ್ನು ಉಂಡೆ ಮಾಡಿ ಹುಳಿ ಬರಲು ಇಟ್ಟರು.

ಆರನೆಯ ದಿನ

ಆ ಉಂಡೆಯನ್ನು ಹೋಳು ಮಾಡಿ ಬಿಸಿನೀರಿಗೆ ಹಾಕಿ ನಾದಿದರೆ ಎಳೆ ಬರಬೇಕು, ಆಗಲೇ ಅದು ಸುಲ್ಗುನಿ. ನಾನು ಉತ್ಸಾಹದಲ್ಲಿ ಕೈ ಹಾಕಿ ಬೆರಳು ಸುಟ್ಟುಕೊಂಡೆ. ಎತೆರಿ ನಾದಿದರು. ಎಳೆ ಬರಲಿಲ್ಲ. ಉಪ್ಪಿಟ್ಟಿನ ಹಾಗೆ ಉದುರಿತು. ಎತೆರಿ ಪೊಟ್ಟಣದ ಕಡೆ ಕೈ ತೋರಿಸಿ ಬೈದರು, ನಾನು ಹೇಳಿರಲಿಲ್ಲವೇ ಎಂಬಂತೆ.

ಬಿಸಿನೀರಿಗೆ ಹಾಕದೆ ಉಳಿದಿದ್ದ ಅರ್ಧ ಉಂಡೆಯಿಂದ ಅತ್ತೆಮ್ಮ ಚೂರು ಮುರಿದು ಬಾಯಿಗೆ ಹಾಕಿಕೊಂಡರು. "ಪುಡೀದಲ್ಲ ಕಣವ್ವ ತಪ್ಪು. ಹುಳೀನೇ ಬಂದಿಲ್ಲ. ಮಳೆ ಹುಯ್ದು ಥಂಡಿ ಇಡ್ಕೊಂಡದೆ. ದೋಸೆ ಹಿಟ್ಟು ಇಂಗೇ ಮಾಡ್ತದಲ್ವಾ?" ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ತಮ್ಮ ಉಣ್ಣೆ ಶಾಲು ಹೊದಿಸಿ ಒಲೆಯ ಪಕ್ಕ ಇಟ್ಟರು. ಆ ಜಾಡಿಯಿದ್ದ ಗೂಡಿನ ಕೆಳಗೇ. ಮುಖ ಸಿಂಡರಿಸಲಿಲ್ಲ.

ಕಾಯುವಾಗ ನಾಲ್ವರೂ ಒಲೆ ಮುಂದೆ ಕೂತೆವು, ಮೇಘನಾ ನಡುವೆ. ಎತೆರಿ ಒಂದು ಮಾತು ಕೇಳಿದರು. ಕುಹಕವಿರಲಿಲ್ಲ, ತಿಳಿಯಬೇಕು ಅಂತಲೇ ಕೇಳಿದ್ದು. ನಿಮ್ಮಲ್ಲಿ ಗಂಡುಗರು ಹುಟ್ಟಿದರೆ ಏನು ಮಾಡುತ್ತೀರಿ?

"ಮುಂಚೆ ಉಳಾಕ್ ಇಟ್ಕೊತಿದ್ವಿ. ಈಗ ಟ್ರ್ಯಾಕ್ಟರ್ ಬಂದದೆ. ಸಂತೇಗ್ ಹೊಡ್ಕೊಂಡ್ ಹೋಯ್ತಾರೆ."

ಆಮೇಲೆ?

ಅತ್ತೆಮ್ಮ ಬೆಂಕಿ ಕೆದಕಿದರು. "ಆಮೇಲೇನಾಯ್ತದೆ ಅಂತ ನಾವ್ ಕೇಳಾಕಿಲ್ಲ."

ಮೇಘನಾ ಹೇಳಲೋ ಬೇಡವೋ ಅಂತ ನನ್ನ ಮುಖ ನೋಡಿದಳು. "ಯೋಳು ಮಗ, ಇದ್ದಂಗೇ ಯೋಳು" ಅಂದರು ಅತ್ತೆಮ್ಮ. ಎತೆರಿ ಕೇಳಿಸಿಕೊಂಡು ತಲೆಯಾಡಿಸಿದರು, ಅಷ್ಟೇ. ಅತ್ತೆಮ್ಮನೇ ಮುಂದುವರಿಸಿದರು. "ನಾನ್ ಅಸಯ್ಯ ಪಟ್ಕೊಂಡ್ ಬುಡ್ಲಿಲ್ಲ ಅಂತ ಯೋಳು. ಅವ್ರಿಗೆ ಬಾಡಂದ್ರೆ ಪ್ರಾಣ. ಭಾನುವಾರ ಬಂದ್ರೆ ಮೊದ್ಲ್ ತುಂಡು ನನ್ ತಟ್ಟೆಗ್ ಹಾಕಿ ಆಮೇಲ್ ತಾವ್ ಉಣ್ಣೋರು. ಈಗ ಹಾಕೋರಿಲ್ಲ. ಗಂಟ್ಲಲ್ಲಿ ಇಳಿಯಾಕಿಲ್ಲ. ಅದುಕ್ಕೇ ಬುಟ್ಟಿವ್ನಿ."

ಮಾವ ಹೋದ ಮೇಲೆ ಆರು ವರ್ಷ ಒಂದೇ ಮನೆಯಲ್ಲಿದ್ದು ನಾನು ಕೇಳದೇ ಹೋದ ಕಾರಣ ಅದು. ಎತೆರಿ ತಮ್ಮ ಕಪ್ಪು ತಲೆವಸ್ತ್ರ ಮುಟ್ಟಿ ತೋರಿಸಿ ಏನೋ ಅಂದರು. ಮೇಘನಾ ಅದನ್ನು ನನಗೆ ಹೇಳಲಿಲ್ಲ. ಅತ್ತೆಮ್ಮನಿಗೆ ಅರ್ಥವಾದಂತಿತ್ತು.

ಮಧ್ಯಾಹ್ನ ಎರಡು ಗಂಟೆಗೆ ಶಾಲು ಬಿಚ್ಚಿದರು. ಚೂರು ಬಿಸಿನೀರಿಗೆ ಹಾಕಿ ಎಳೆದರೆ, ಎಳೆ ಬಂತು! ಇಬ್ಬರೂ ಒಂದೊಂದು ತುದಿ ಹಿಡಿದು ಮಡಿಸಿ ಎಳೆದು, ಮಡಿಸಿ ಎಳೆದು, ರೇಷ್ಮೆಯ ಹಾಗೆ ಹೊಳೆಯುವ ಬಿಲ್ಲೆ ತಟ್ಟಿದರು. ಅದು ಉಪ್ಪುನೀರಿನಲ್ಲಿ ಮುಳುಗಿದಾಗ ಎತೆರಿ ಆ ಪೊಟ್ಟಣಕ್ಕೆ ಒಂದು ಸಲಾಮು ಹೊಡೆದರು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಆ ಪುಡಿಯ ನಾಲ್ಕು ಪೊಟ್ಟಣ ನಮ್ಮ ಜೊತೆ ಊರಿಗೆ ಬಂದವು. ಈಗ ವಾರಕ್ಕೊಮ್ಮೆ ನಮ್ಮದೇ ಹಸುವಿನ ಹಾಲಿನಲ್ಲಿ ಅತ್ತೆಮ್ಮ ಬಿಲ್ಲೆ ತಟ್ಟುತ್ತಾರೆ. ಹದ ಒಂದೊಂದು ಸಲ ತಪ್ಪುತ್ತದೆ. ಮುದ್ದೆಯೊಳಗೆ ಇಡುತ್ತೇವೆ, ಅಕ್ಕಿರೊಟ್ಟಿಯ ನಡುವೆ ಇಡುತ್ತೇವೆ, ಅವರೆಕಾಳು ಸಾರಿಗೆ ಕೊನೆಯಲ್ಲಿ ಚೂರು ಮಾಡಿ ಹಾಕುತ್ತೇವೆ. ಬಸಿದ ನೀರನ್ನು ಚೆಲ್ಲುವುದಿಲ್ಲ, ಹಿಟ್ಟು ಕಲಸಲು ಅದನ್ನೇ ಬಳಸುತ್ತೇವೆ. ಜಿಡ್ಡು, ಉಪ್ಪು ಎರಡೂ ಇರುವ ಪದಾರ್ಥ, ಹಾಗಾಗಿ ನೆನೆಹಾಕಿ, ದಿನಕ್ಕೆ ಬೆಂಕಿಪೊಟ್ಟಣದಷ್ಟು ಹೋಳು ಎರಡು, ಅಷ್ಟೇ. ಹುಣಸೂರಿನ ಡಾಕ್ಟರು ಅತ್ತೆಮ್ಮನನ್ನು ನೋಡಿ, "ಏನು ಕೊಟ್ಟಿರಿ?" ಅಂತ ಕೇಳಿದಾಗ, ಉತ್ತರ ಹೇಳಲು ನನಗೆ ಕಾಲು ಗಂಟೆ ಹಿಡಿಯಿತು.

ಹೊರಡುವ ದಿನ

ಕೊನೆಯ ಮಧ್ಯಾಹ್ನ ಎತೆರಿ ಅಂಗಳದಲ್ಲಿ ಮೇಜು ಹಾಕಿ ಬಡಿಸಿದರು. ಘೋಮಿ, ಖಚಾಪುರಿ, ಬೀನ್ಸು, ಸೊಪ್ಪು. ಅತ್ತೆಮ್ಮನ ತಟ್ಟೆಯ ಪಕ್ಕ ಬೇರೆ ಬಟ್ಟಲಲ್ಲಿ, ಅವರೇ ಮಾಡಿದ ಬಿಲ್ಲೆ.

ಆ ದೇಶದಲ್ಲಿ ಸುಮ್ಮನೆ ಕುಡಿಯುವುದಿಲ್ಲ. ಯಾರನ್ನಾದರೂ ನೆನೆದು, ಹೆಸರು ಹೇಳಿ, ಲೋಟ ಎತ್ತಬೇಕು. ಎತೆರಿ ಮನೆಯಲ್ಲೇ ಮಾಡಿದ ವೈನು ಸುರಿದುಕೊಂಡು, ನಮಗೆ ಪ್ಲಮ್ ಹಣ್ಣಿನ ಪಾನಕ ಕೊಟ್ಟರು. ಎದ್ದು ನಿಂತು, "ಗಿವಿ" ಅಂದರು. ಅದು ಅವರ ಗಂಡನ ಹೆಸರು. ವೈನಿನ ಒಂದು ಹನಿಯನ್ನು ಬ್ರೆಡ್ಡಿನ ಮೇಲೆ ಬಿಟ್ಟರು. ಹೋದವರ ಪಾಲು ಅದು. ಆಮೇಲೆ ಅತ್ತೆಮ್ಮನ ಕಡೆ ತಿರುಗಿ ಕೇಳಿದರು.

"ನಿಮ್ಮ ಯಜಮಾನರ ಹೆಸರೇನು ಅಂತ ಕೇಳ್ತಿದ್ದಾರೆ ಅಜ್ಜಿ. ಅವರಿಗೂ ಸೇರಿಸಿ ಕುಡಿಯಬೇಕಂತೆ."

ನಾನು ಹೇಳಲು ಬಾಯಿ ತೆರೆದೆ. ಇಪ್ಪತ್ತೈದು ವರ್ಷದ ಸೊಸೆತನದಲ್ಲಿ ಮಾವನ ಹೆಸರು ಅತ್ತೆಮ್ಮನ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ, ಪಿಂಚಣಿ ಅರ್ಜಿಗೆ ಕೇಳಿದರೂ, ನನ್ನ ಕಡೆಗೋ ಮಗನ ಕಡೆಗೋ ಕೈ ತೋರಿಸುವವರು. ಅತ್ತೆಮ್ಮನಿಗೆ ಮಾವ 'ಅವ್ರು' ಅಷ್ಟೇ.

ಅತ್ತೆಮ್ಮ ಕೈ ಎತ್ತಿ ನನ್ನನ್ನು ತಡೆದರು. ಮೇಜು ಹಿಡಿದು ಎದ್ದು ನಿಂತರು. ತಲೆಯ ಮೇಲೆ ಸೆರಗು ಹೊದ್ದು, ಪಾನಕದ ಲೋಟ ಎರಡೂ ಕೈಯಲ್ಲಿ ಹಿಡಿದರು. ತುಟಿ ಎರಡು ಸಲ ಅಲುಗಿತು. ಮೂರನೆಯ ಸಲಕ್ಕೆ, ಸ್ಪಷ್ಟವಾಗಿ, ಅಂಗಳದ ಆಚೆಗೂ ಕೇಳುವ ಹಾಗೆ ಅಂದರು:

"ನಿಂಗೇಗೌಡ್ರು."

"ನಿಂಗೆ ಗೌದ್ರು" ಅಂದರು ಎತೆರಿ, ಒಂದೊಂದೇ ಅಕ್ಷರ ಜೋಪಾನವಾಗಿ. "ದೇವರು ಅವರಿಗೆ ಬೆಳಕು ಕೊಡಲಿ."

ಅತ್ತೆಮ್ಮ ಪಾನಕದ ಒಂದು ಹನಿಯನ್ನು ಬ್ರೆಡ್ಡಿನ ಮೇಲೆ ಬಿಟ್ಟರು. ಕೂತು, ಬಟ್ಟಲಿನಿಂದ ಸುಲ್ಗುನಿಯ ಒಂದು ತುಂಡು ಮುರಿದು ಮೊದಲು ಎತೆರಿಯವರ ತಟ್ಟೆಗೆ ಹಾಕಿದರು. ಆಮೇಲೆ ತಾವು ತಿಂದರು.